ಚೆಂಡು ಮೇಲೇರಬೇಕು: ಫೇರ್‌ವೇ ವುಡ್ ಮತ್ತು ಹೈಬ್ರಿಡ್ ಆರಿಸುವ ಪಾಠ

2021ರ ಆಗಸ್ಟ್ 7 ಎಂದರೆ ನಮಗೆಲ್ಲ ನೆನಪಾಗುವುದು ನೀರಜ್ ಚೋಪ್ರಾ ಅವರ ಜಾವೆಲಿನ್ ಚಿನ್ನ. ಅದೇ ದಿನ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮದೇ ರಾಜ್ಯದ, ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ನಾಲ್ಕನೆಯವರಾದರು. ನಾಲ್ಕು ಸುತ್ತಿನಲ್ಲಿ ಅವರು ಹೊಡೆದದ್ದು ಒಟ್ಟು 269 ಹೊಡೆತ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾ 267. ಬೆಳ್ಳಿ ಪಡೆದ ಜಪಾನಿನ ಮೊನೆ ಇನಾಮಿ, ಕಂಚು ಪಡೆದ ನ್ಯೂಜಿಲೆಂಡಿನ ಲಿಡಿಯಾ ಕೊ ಇಬ್ಬರೂ 268. ಗಾಲ್ಫ್‌ನಲ್ಲಿ ಕಡಿಮೆ ಹೊಡೆದವರೇ ಗೆದ್ದವರು. ಅಂದರೆ ಒಂದೇ ಒಂದು ಹೊಡೆತದಲ್ಲಿ ಪದಕ ಕೈತಪ್ಪಿತು. ಆ ದಿನಗಳಲ್ಲಿ ಅದಿತಿಯವರ ವಿಶ್ವ ಶ್ರೇಯಾಂಕ 200.

ಈ ಲೇಖನಕ್ಕೆ ಬೇಕಾದ ವಿಷಯ ಇನ್ನೊಂದಿದೆ. ಅದಿತಿ ದೂರ ಹೊಡೆಯುವ ಆಟಗಾರ್ತಿ ಅಲ್ಲ. ಅವರ ಮೊದಲ ಹೊಡೆತ ಎದುರಾಳಿಗಳ ಚೆಂಡಿಗಿಂತ ಹಿಂದೆ ಬೀಳುತ್ತಿತ್ತು. ಹಾಗಾಗಿ ಉಳಿದವರು ಚಿಕ್ಕ ಕೋಲಿನಿಂದ ಗುರಿ ಸೇರುವ ಕಡೆ ಅವರು ಮತ್ತೆ ಉದ್ದದ ಕೋಲನ್ನು, ಅಂದರೆ ಫೇರ್‌ವೇ ವುಡ್ ಅಥವಾ ಹೈಬ್ರಿಡ್ ಅನ್ನು ಹಿಡಿಯಬೇಕಾಗುತ್ತಿತ್ತು. ಅಷ್ಟು ದೂರದಿಂದ ಹೊಡೆದರೂ ಪದಕದ ಹತ್ತಿರ ಹೋಗಲು ಹೇಗೆ ಸಾಧ್ಯವಾಯಿತು? ಕೊನೆಯ ಪಟ್ಟಿಂಗ್‌ನಲ್ಲಿ ಅವರ ಕೈ ಬಹಳ ಒಳ್ಳೆಯದು, ಅದು ಒಂದು ಕಾರಣ. ಇನ್ನೊಂದು ಕಾರಣ ಈ ಎರಡು ಬಗೆಯ ಕೋಲುಗಳು.

ಕುಂದಾಪುರದ ಹುಡುಗನಿಗೆ ಗಾಲ್ಫ್ ಯಾಕೆ ಎಂದು ಗೆಳೆಯರು ಕೇಳಬಹುದು. ನನ್ನ ಮಾಮು ಹನ್ನೊಂದು ವರ್ಷಗಳಿಂದ ದುಬೈಯ ಒಂದು ಗಾಲ್ಫ್ ಸಾಮಾನಿನ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದಾರೆ. ದ್ವಿತೀಯ ಪಿಯುಸಿ ಮುಗಿದ ಮೇಲೆ ನಾನೂ ಅಲ್ಲಿಗೇ ಹೋಗಲಿ ಎಂಬ ಮಾತು ಮನೆಯಲ್ಲಿದೆ, ಬಿ.ಕಾಂ. ಮಾಡಲಿ ಎಂಬ ಮಾತೂ ಇದೆ. ಯಾವುದೇ ಆಗಲಿ, ಮಾರುವ ಮಾಲನ್ನು ತಿಳಿಯದೆ ಮಾರಬಾರದು ಎಂದು ಮಾಮು ರಜೆಯಲ್ಲಿ ಬಂದಾಗ ನನಗೆ ಕಲಿಸಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಅದರಲ್ಲಿ ಭೌತಶಾಸ್ತ್ರ ಸ್ವಲ್ಪ ಇದೆ, ನಮ್ಮ ಅರ್ಥಶಾಸ್ತ್ರದ ಮೊದಲ ಅಧ್ಯಾಯವೂ ಇದೆ.

ಮೊದಲು ಕೆಲವು ಪದಗಳು

ಗಾಲ್ಫ್ ಕೋಲಿಗೆ ಕ್ಲಬ್ ಎನ್ನುತ್ತಾರೆ. ಅದರ ಉದ್ದನೆಯ ದಂಡ ಶಾಫ್ಟ್, ತುದಿಯಲ್ಲಿ ಚೆಂಡಿಗೆ ಬಡಿಯುವ ಭಾಗ ಹೆಡ್. ಮೊದಲ ಹೊಡೆತ ಹೊಡೆಯುವ ಜಾಗ ಟೀ. ಅಲ್ಲಿಂದ ಮುಂದಕ್ಕೆ ಹುಲ್ಲು ಕತ್ತರಿಸಿದ ದಾರಿ ಫೇರ್‌ವೇ. ಅದರ ಎರಡೂ ಬದಿಯ ಉದ್ದ ಹುಲ್ಲು ರಫ್. ಕೊನೆಯಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ ಗ್ರೀನ್, ಕುಳಿ ಇರುವುದು ಅಲ್ಲಿ. ಇಂಥ 18 ಕುಳಿ ಮುಗಿಸಿದರೆ ಒಂದು ಸುತ್ತು. ದೂರವನ್ನು ಗಜದಲ್ಲಿ ಹೇಳುವುದು ರೂಢಿ.

ಕ್ಲಬ್‌ಗಳಲ್ಲಿ ಹಲವು ಜಾತಿ. ಟೀಯಿಂದ ದೂರ ಹೊಡೆಯಲು ಡ್ರೈವರ್. ತೆಳ್ಳಗಿನ ಲೋಹದ ಹೆಡ್ ಇರುವವು ಐರನ್. ಗ್ರೀನ್ ಮೇಲೆ ಚೆಂಡನ್ನು ಉರುಳಿಸಲು ಪಟರ್. ನೆಲದ ಮೇಲಿನ ಚೆಂಡನ್ನು ದೂರ ಕಳಿಸಲು ಫೇರ್‌ವೇ ವುಡ್. ವುಡ್ ಎಂಬ ಹೆಸರು ಹಳೆಯದು; ಹಿಂದೆ ಹೆಡ್ಡನ್ನು ನಿಜವಾಗಿಯೂ ಮರದಿಂದ ಮಾಡುತ್ತಿದ್ದರು. ಲೋಹದ ವುಡ್ ವ್ಯಾಪಾರಕ್ಕೆ ಬಂದು ಹಬ್ಬಿದ್ದು 1979ರಲ್ಲಿ ಟೇಲರ್‌ಮೇಡ್ ಕಂಪನಿ ಶುರುವಾದ ನಂತರ. ಈಗ ಹೆಡ್ ಒಳಗಡೆ ಟೊಳ್ಳು ಇರುವ ಲೋಹದ್ದು, ಹೆಸರು ಮಾತ್ರ ಮರದ್ದು. ಹೈಬ್ರಿಡ್ ಎಂದರೆ ವುಡ್ ಮತ್ತು ಐರನ್ ಎರಡರ ಗುಣ ಸೇರಿಸಿ ಮಾಡಿದ ಕ್ಲಬ್. ಹೊಡೆಯಲು ಕಷ್ಟವಾದ ಉದ್ದನೆಯ ಐರನ್‌ಗಳ ಬದಲಿಗೆ ಅದು ಬಂತು.

ಚೆಂಡು ಮೇಲೇರುವುದು ಹೇಗೆ?

ಗಾಲ್ಫ್ ಚೆಂಡು ಪುಟ್ಟದು. ನಿಯಮದ ಪ್ರಕಾರ ತೂಕ 45.93 ಗ್ರಾಂಗಿಂತ ಹೆಚ್ಚಿರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ನೆಲಕ್ಕೆ ಅಂಟಿಕೊಂಡು ಕುಳಿತ ಈ ಚೆಂಡನ್ನು ಗಾಳಿಗೆ ಏರಿಸಲು ನಾಲ್ಕು ಸಂಗತಿ ಕೂಡಬೇಕು.

ಒಂದನೆಯದು ಲಾಫ್ಟ್. ಹೆಡ್ಡಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದರ ಕೋನ ಇದು. ನೆಟ್ಟಗಿರುವ ಗೋಡೆಗೆ ಚೆಂಡು ಎಸೆದರೆ ಅದು ನೇರ ನಮ್ಮ ಕಡೆಗೆ ಬರುತ್ತದೆ. ಗೋಡೆಗೆ ಒರಗಿಸಿಟ್ಟ ಹಲಗೆಗೆ ಎಸೆದರೆ ಮೇಲಕ್ಕೆ ಹಾರುತ್ತದೆ. ಲಾಫ್ಟ್ ಮಾಡುವ ಕೆಲಸ ಅಷ್ಟೇ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ತೆಗೆದು ನೆಟ್ಟಗಿನ ಒಂದು ಗೆರೆಯಿಂದ 10, 15, 21, 25 ಡಿಗ್ರಿಗಳಲ್ಲಿ ಗೆರೆ ಎಳೆದು ನೋಡಿ. ಡ್ರೈವರ್ ಸುಮಾರು 10 ಡಿಗ್ರಿ, 3ನೇ ವುಡ್ ಸುಮಾರು 15, 5ನೇ ವುಡ್ 18ರಿಂದ 19, 7ನೇ ವುಡ್ 21ರಿಂದ 22, 9ನೇ ವುಡ್ ಸುಮಾರು 24. ಹೈಬ್ರಿಡ್‌ಗಳಲ್ಲಿ 3ನೆಯದು ಸುಮಾರು 19, 4ನೆಯದು 22, 5ನೆಯದು 25. ಕಾಗದದ ಮೇಲೆ 15ಕ್ಕೂ 21ಕ್ಕೂ ನಡುವೆ ಬೆರಳಿನಷ್ಟು ಜಾಗವೂ ಕಾಣದು. ಮೈದಾನದಲ್ಲಿ ಒಂದು ಚೆಂಡು ಹುಲ್ಲನ್ನು ಸವರಿಕೊಂಡು ಹೋಗುವುದಕ್ಕೂ ಇನ್ನೊಂದು ತೆಂಗಿನ ಮರ ದಾಟುವುದಕ್ಕೂ ಅದೇ ವ್ಯತ್ಯಾಸ.

ಎರಡನೆಯದು ಭಾರ ಇರುವ ಜಾಗ. ವುಡ್‌ನ ಹೆಡ್ ದಪ್ಪ. ತಯಾರಿಸುವವರು ಅದರ ಭಾರವನ್ನು ಕೆಳಕ್ಕೆ ಮತ್ತು ಹಿಂದಕ್ಕೆ ಇಡಬಹುದು. ಗುರುತ್ವ ಕೇಂದ್ರ ಹೀಗೆ ಕೆಳಗೆ, ಹಿಂದೆ ಇದ್ದಾಗ ಬಡಿಯುವ ಕ್ಷಣದಲ್ಲಿ ಮುಖ ಇನ್ನೂ ಸ್ವಲ್ಪ ಮೇಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡು ಸುಲಭವಾಗಿ ಏರುತ್ತದೆ. ತೆಳ್ಳಗಿನ ಐರನ್‌ನಲ್ಲಿ ಭಾರ ಇಡಲು ಅಷ್ಟು ಹಿಂದಿನ ಜಾಗವೇ ಇಲ್ಲ. ಹೈಬ್ರಿಡ್ ಈ ಎರಡರ ನಡುವಿನದು.

ಮೂರನೆಯದು ವೇಗ. ಹೆಡ್ ವೇಗವಾಗಿ ಬಂದಷ್ಟೂ ಚೆಂಡಿಗೆ ಶಕ್ತಿ ಹೆಚ್ಚು. ಶಾಫ್ಟ್ ಉದ್ದವಾದರೆ ಹೆಡ್ಡಿನ ವೇಗವೂ ಹೆಚ್ಚುತ್ತದೆ. 7ನೇ ವುಡ್‌ನ ಉದ್ದ ಸುಮಾರು 41ರಿಂದ 42 ಅಂಗುಲ, ಅಷ್ಟೇ ಲಾಫ್ಟಿನ ಹೈಬ್ರಿಡ್‌ನದು ಸುಮಾರು 40 ಅಂಗುಲ.

ನಾಲ್ಕನೆಯದು ಹಿಂದಕ್ಕೆ ತಿರುಗುವ ಸುತ್ತು. ವಾಲಿದ ಮುಖ ಚೆಂಡಿಗೆ ಬಡಿದಾಗ ಚೆಂಡು ಮುಂದೆ ಹೋಗುತ್ತಲೇ ಹಿಮ್ಮುಖವಾಗಿ ತಿರುಗುತ್ತದೆ. ಈ ತಿರುಗುವಿಕೆ ಮತ್ತು ಚೆಂಡಿನ ಮೈಮೇಲಿನ ಸಣ್ಣ ಗುಳಿಗಳು ಸೇರಿ ಗಾಳಿಯಲ್ಲಿ ಅದನ್ನು ಎತ್ತಿ ಹಿಡಿಯುತ್ತವೆ. ಕ್ರಿಕೆಟ್‌ನಲ್ಲಿ ಸ್ಪಿನ್ ಬೌಲರ್ ಹೆಚ್ಚು ಮುಂದಕ್ಕೆ ಸುತ್ತಿಸಿದರೆ ಚೆಂಡು ಬೇಗ ಕೆಳಗಿಳಿಯುತ್ತದೆ. ಇಲ್ಲಿ ಅದರ ತದ್ವಿರುದ್ಧ.

ಈ ನಾಲ್ಕರಲ್ಲಿ ಎಲ್ಲೂ ಚೆಂಡನ್ನು ಕೈಯಿಂದ ಎತ್ತುವ ಪ್ರಯತ್ನ ಇಲ್ಲ ಎಂಬುದನ್ನು ಗಮನಿಸಿ. ಹೊಸಬರು ಚೆಂಡು ಏರಲಿ ಎಂದು ಅದರ ಕೆಳಗಿಂದ ಗೋರಿ ಎತ್ತಲು ಹೋಗುತ್ತಾರೆ. ಆಗ ಹೆಡ್ ಮೊದಲು ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಚೆಂಡಿನ ತಲೆಗೆ ಬಡಿದು ಅದು ಉರುಳುತ್ತದೆ. ಮಾಮು ಗಿರಾಕಿಗಳಿಗೆ ಹೇಳುವ ಮಾತು ಸಣ್ಣದು: "ಜೋರ್ ನಕ್ಕೊ, ಕೋಲು ಎತ್ತುತ್ತದೆ." ಬಲ ಬೇಡ, ನೀವು ನೇರ ಹೊಡೆಯಿರಿ, ಏರಿಸುವುದು ಕೋಲಿನ ಕೆಲಸ ಎಂದರ್ಥ.

ಎತ್ತರ ಯಾಕೆ ಬೇಕು?

ದೂರ ಹೋದರೆ ಸಾಲದೇ, ಎತ್ತರ ಯಾಕೆ? ಎರಡು ಕಾರಣ.

ಮೊದಲನೆಯದು ನಿಲ್ಲುವುದು. ಗ್ರೀನ್ ಒಂದು ಸಣ್ಣ ಜಾಗ. ತಗ್ಗಿನಲ್ಲಿ ಹಾರಿ ಬಂದ ಚೆಂಡು ಅಲ್ಲಿ ಬಿದ್ದರೂ ಪುಟಿದು ಆಚೆಗೆ ಓಡುತ್ತದೆ. ಎತ್ತರದಿಂದ ಕಡಿದಾಗಿ ಇಳಿದ ಚೆಂಡು ಒಂದೆರಡು ಸಲ ಪುಟಿದು ನಿಲ್ಲುತ್ತದೆ. ಕೆರೆಗೆ ಕಲ್ಲನ್ನು ಅಡ್ಡಲಾಗಿ ಬೀಸಿದರೆ ಅದು ನೀರಿನ ಮೇಲೆ ಕುಪ್ಪಳಿಸಿ ಹೋಗುತ್ತದೆ, ಮೇಲಕ್ಕೆ ಎಸೆದರೆ ಬಿದ್ದಲ್ಲೇ ಮುಳುಗುತ್ತದೆ. ಅದಿತಿಯವರಂತೆ ದೂರದಿಂದ ಗ್ರೀನ್‌ಗೆ ಹೊಡೆಯುವವರಿಗೆ ಈ ಕಡಿದಾದ ಇಳಿತವೇ ಆಧಾರ.

ಎರಡನೆಯದು ದೂರವೇ. ಇದು ಕೇಳಲು ವಿಚಿತ್ರ. 3ನೇ ವುಡ್‌ನ ಲಾಫ್ಟ್ ಕಡಿಮೆ, ಆದ್ದರಿಂದ ಅದು 5ನೇ ವುಡ್‌ಗಿಂತ ದೂರ ಹೋಗಬೇಕು ಎಂದು ಪುಸ್ತಕದ ಲೆಕ್ಕ. ವೇಗವಾಗಿ ಬೀಸುವವರಿಗೆ ಹಾಗೆಯೇ ಆಗುತ್ತದೆ. ನಿಧಾನ ಬೀಸುವವರ ಚೆಂಡು 3ನೇ ವುಡ್‌ನಿಂದ ಏರುವಷ್ಟರಲ್ಲೇ ಇಳಿಯಲು ಶುರುವಾಗುತ್ತದೆ. ಅವರೇ 5ನೇ ಅಥವಾ 7ನೇ ವುಡ್ ಹಿಡಿದರೆ ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇದ್ದು ಅಷ್ಟೇ ದೂರ, ಕೆಲವೊಮ್ಮೆ ಇನ್ನೂ ದೂರ ಹೋಗುತ್ತದೆ. ಹೆಂಗಸರು, ವಯಸ್ಸಾದವರು, ಮಕ್ಕಳು, ಈಗಷ್ಟೇ ಕಲಿಯುವವರು ಹೆಚ್ಚಿನವರು ಈ ಗುಂಪಿಗೆ ಸೇರಿದವರು.

ಎತ್ತರಕ್ಕೆ ಒಂದು ಬೆಲೆಯೂ ಇದೆ, ಅದು ಗಾಳಿ. ಮರವಂತೆ ಕಡಲ ತೀರದಲ್ಲಿ ಟೆನಿಸ್ ಬಾಲಿನ ಕ್ರಿಕೆಟ್ ಆಡಿದವರಿಗೆ ಇದು ಗೊತ್ತು: ಪಡುವಣ ಗಾಳಿಗೆ ಎದುರಾಗಿ ಮೇಲಕ್ಕೆ ಹೊಡೆದ ಚೆಂಡು ಹೊಡೆದವನ ಹತ್ತಿರವೇ ವಾಪಸ್ ಬೀಳುತ್ತದೆ. ಎದುರುಗಾಳಿ ಜೋರಾಗಿರುವ ಮೈದಾನದಲ್ಲಿ ಸದಾ ಆಡುವವರು ಅತಿ ಎತ್ತರದ ಕ್ಲಬ್ ಆರಿಸುವ ಮೊದಲು ಯೋಚಿಸಬೇಕು.

ವುಡ್ ಯಾರಿಗೆ, ಹೈಬ್ರಿಡ್ ಯಾರಿಗೆ?

ಲಾಫ್ಟ್ ಒಂದೇ ಆದರೆ ಎರಡೂ ಒಂದೇ ಅಲ್ಲವೇ ಎಂದು ನಾನು ಮಾಮುವನ್ನು ಕೇಳಿದ್ದೆ. ಅಲ್ಲ. 21 ಡಿಗ್ರಿಯ 7ನೇ ವುಡ್ ಮತ್ತು ಸುಮಾರು ಅಷ್ಟೇ ಡಿಗ್ರಿಯ 4ನೇ ಹೈಬ್ರಿಡ್ ಹೋಲಿಸಿದರೆ ಸಾಮಾನ್ಯವಾಗಿ ವುಡ್ ಹೆಚ್ಚು ಎತ್ತರ ಹಾರುತ್ತದೆ, ಕಡಿದಾಗಿ ಇಳಿಯುತ್ತದೆ. ಅದರ ಶಾಫ್ಟ್ ಉದ್ದ, ಹೆಡ್ ದೊಡ್ಡದು, ಭಾರ ಇನ್ನೂ ಹಿಂದೆ. ನೆಲವನ್ನು ಗುಡಿಸಿದ ಹಾಗೆ ಚಪ್ಪಟೆಯಾಗಿ ಬೀಸುವವರಿಗೆ ವುಡ್ ಹೊಂದುತ್ತದೆ.

ಹೈಬ್ರಿಡ್‌ನ ಬಲ ಬೇರೆ ಕಡೆ ಇದೆ. ಚಿಕ್ಕ ಹೆಡ್ ರಫ್‌ನ ಉದ್ದ ಹುಲ್ಲಿನಲ್ಲಿ ಸುಲಭವಾಗಿ ನುಗ್ಗುತ್ತದೆ. ಗಿಡ್ಡ ಶಾಫ್ಟ್ ಆದ್ದರಿಂದ ಚೆಂಡನ್ನು ಮುಖದ ನಡುವೆ ಹೊಡೆಯುವುದು ಸುಲಭ. ಐರನ್ ಹೊಡೆದ ಹಾಗೆ ಸ್ವಲ್ಪ ಕೆಳಮುಖವಾಗಿ ಬೀಸುವವರಿಗೆ ಇದು ಒಗ್ಗುತ್ತದೆ. ತಗ್ಗು, ಬೋಳು ನೆಲ, ಒಣ ಹುಲ್ಲು ಇದ್ದಲ್ಲಿಯೂ ಇದೇ ಅನುಕೂಲ.

ದೊಡ್ಡ ಆಟಗಾರರೂ ಇವನ್ನು ಬಿಟ್ಟಿಲ್ಲ. 2009ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ಕುಳಿಯಲ್ಲಿ ದಕ್ಷಿಣ ಕೊರಿಯಾದ ವೈ.ಇ. ಯಾಂಗ್ ಸುಮಾರು 206 ಗಜ ದೂರದಿಂದ 3ನೇ ಹೈಬ್ರಿಡ್ ಹಿಡಿದು ಚೆಂಡನ್ನು ಮರದ ಮೇಲಿಂದ ಹಾರಿಸಿ ಗ್ರೀನ್ ಮೇಲೆ ನಿಲ್ಲಿಸಿದರು, ಟೈಗರ್ ವುಡ್ಸ್ ಅವರನ್ನು ಸೋಲಿಸಿದರು. ಗಾಲ್ಫ್‌ನ ಮೇಜರ್ ಪ್ರಶಸ್ತಿ ಗೆದ್ದ ಏಷ್ಯಾದ ಮೊದಲ ಪುರುಷ ಅವರು. 2020ರ ನವೆಂಬರ್‌ನಲ್ಲಿ ಮಾಸ್ಟರ್ಸ್ ಗೆದ್ದ ಡಸ್ಟಿನ್ ಜಾನ್ಸನ್ ಬಹಳ ದೂರ ಹೊಡೆಯುವ ಆಟಗಾರ. ಅವರ ಚೀಲದಲ್ಲೂ 7ನೇ ವುಡ್ ಇತ್ತು. ಹಾಗಾಗಿ ಹೆಚ್ಚು ಲಾಫ್ಟಿನ ವುಡ್ ಕೊಳ್ಳುವುದು ನಾಚಿಕೆಯ ವಿಷಯ ಎಂಬ ಮಾತಿಗೆ ಅರ್ಥವಿಲ್ಲ.

ಹದಿನಾಲ್ಕರ ಮಿತಿ, ಅವಕಾಶ ವೆಚ್ಚ

ಇಲ್ಲಿ ನಮ್ಮ ವಾಣಿಜ್ಯ ವಿಭಾಗದ ಪಾಠ ಬರುತ್ತದೆ. ನಿಯಮದ ಪ್ರಕಾರ ಒಂದು ಸುತ್ತಿಗೆ ಚೀಲದಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇರುವಂತಿಲ್ಲ. ಸಂಪನ್ಮೂಲ ಸೀಮಿತ, ಬಯಕೆ ಅಮಿತ. ಹಾಗಾಗಿ ಆಯ್ಕೆಯ ಸಮಸ್ಯೆ. ಒಂದು ಕ್ಲಬ್ ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗಬೇಕು. ಹೊರಗೆ ಹೋದದ್ದರಿಂದ ಸಿಗಬಹುದಾಗಿದ್ದ ಪ್ರಯೋಜನವೇ ಅವಕಾಶ ವೆಚ್ಚ. ಅದು ಬಿಲ್ಲಿನಲ್ಲಿ ಕಾಣುವುದಿಲ್ಲ.

ಒಂದು ಊಹೆಯ ಲೆಕ್ಕ ನೋಡೋಣ. ಅರವತ್ತು ದಾಟಿದ ಒಬ್ಬ ಗಿರಾಕಿ. ಅವರ ಚೆಂಡು ಗಾಳಿಯಲ್ಲಿ ಹೋಗುವ ದೂರ ಹೀಗಿದೆ ಎಂದುಕೊಳ್ಳಿ: 3ನೇ ವುಡ್ 150 ಗಜ, 5ನೇ ವುಡ್ 152, 4ನೇ ಐರನ್ 115, 5ನೇ ಐರನ್ 118, 7ನೇ ಐರನ್ 110. ಅಂಗಡಿಗೆ ಬಂದು ಅವರು ಕೇಳುವುದು ಹೊಸ 3ನೇ ವುಡ್.

ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ಉತ್ತರ ತಾನೇ ಕಾಣುತ್ತದೆ. 3ನೇ ಮತ್ತು 5ನೇ ವುಡ್ ಒಂದೇ ಕೆಲಸ ಮಾಡುತ್ತಿವೆ. 4, 5, 7ನೇ ಐರನ್ ಮೂರೂ ಎಂಟು ಗಜದೊಳಗೆ ಬೀಳುತ್ತಿವೆ. ಆದರೆ 118ಕ್ಕೂ 150ಕ್ಕೂ ನಡುವೆ 32 ಗಜ ಖಾಲಿ ಬಿದ್ದಿದೆ. ಅಲ್ಲಿ ಗ್ರೀನ್ ಇದ್ದರೆ ಅವರ ಕೈಯಲ್ಲಿ ಅದಕ್ಕೆ ಕೋಲೇ ಇಲ್ಲ. 3ನೇ ವುಡ್, 4ನೇ ಮತ್ತು 5ನೇ ಐರನ್ ತೆಗೆದು 7ನೇ ವುಡ್ ಮತ್ತು 5ನೇ ಹೈಬ್ರಿಡ್ ಹಾಕಿದರೆ? 7ನೇ ವುಡ್ 140, ಹೈಬ್ರಿಡ್ 126 ಹೋಯಿತು ಎನ್ನಿ. ಈಗ ಸಾಲು ಹೀಗಾಯಿತು: 152, 140, 126, 110. ಮೂರು ಹೋಗಿ ಎರಡು ಬಂದವು, ಒಂದು ಜಾಗ ಉಳಿಯಿತು, ನಡುವಿನ ಖಾಲಿ ತುಂಬಿತು. ಅವರು ಕೇಳಿದ ಹೊಸ 3ನೇ ವುಡ್ ಕೊಟ್ಟಿದ್ದರೆ ದುಡ್ಡು ಹೋಗುತ್ತಿತ್ತು, 32 ಗಜದ ಕಂದಕ ಹಾಗೆಯೇ ಇರುತ್ತಿತ್ತು.

ಕೊಳ್ಳುವ ಮುಂಚೆ

ಮಾಮು ಗಿರಾಕಿಯ ಮುಂದೆ ಕೂತು ಕೇಳುವ ಪ್ರಶ್ನೆಗಳನ್ನು ಇಲ್ಲಿ ಪಟ್ಟಿ ಮಾಡಿದ್ದೇನೆ.

1. ಈಗಿರುವ ಪ್ರತಿ ಕ್ಲಬ್‌ನಿಂದ ಚೆಂಡು ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆ? ಜೀವನದಲ್ಲಿ ಒಮ್ಮೆ ಹೊಡೆದ ಅತಿ ದೂರದ ಹೊಡೆತ ಲೆಕ್ಕಕ್ಕೆ ಬೇಡ, ಹತ್ತು ಹೊಡೆತದ ಸರಾಸರಿ ಬೇಕು.

2. ಖಾಲಿ ಎಲ್ಲಿದೆ? ಕೊಳ್ಳಬೇಕಾದದ್ದು ಆ ಖಾಲಿಗೆ.

3. ಕ್ಲಬ್ ಮೇಲೆ ಬರೆದ ಸಂಖ್ಯೆ ನೋಡಬೇಡಿ, ಡಿಗ್ರಿ ನೋಡಿ. ಒಂದು ಕಂಪನಿಯ 4ನೇ ಹೈಬ್ರಿಡ್ ಇನ್ನೊಂದರ 4ನೇ ಹೈಬ್ರಿಡ್‌ಗೆ ಸಮ ಇರಬೇಕೆಂದಿಲ್ಲ.

4. ಹೆಚ್ಚು ಹೊಡೆಯುವುದು ಎಲ್ಲಿಂದ? ಫೇರ್‌ವೇಯಿಂದಾದರೆ ವುಡ್ ಕಡೆ ವಾಲಿ, ರಫ್‌ನಿಂದಾದರೆ ಹೈಬ್ರಿಡ್ ಕಡೆ.

5. ಶಾಫ್ಟ್ ನಿಮ್ಮ ವೇಗಕ್ಕೆ ತಕ್ಕಂತೆ ಇದೆಯೇ? ನಿಧಾನ ಬೀಸುವವರಿಗೆ ಹಗುರವಾದ, ಬಾಗುವ ಶಾಫ್ಟ್ ಸಹಾಯ ಮಾಡುತ್ತದೆ. ಆದರೆ ಚೆಂಡಿನ ಎತ್ತರವನ್ನು ಬದಲಿಸುವುದರಲ್ಲಿ ಹೆಡ್ಡಿನ ಲಾಫ್ಟ್‌ಗೆ ಇರುವಷ್ಟು ಶಕ್ತಿ ಶಾಫ್ಟ್‌ಗೆ ಇಲ್ಲ. ದುಡ್ಡು ಮೊದಲು ಲಾಫ್ಟ್‌ಗೆ ಹೋಗಲಿ.

6. ಲಾಫ್ಟ್ ತಿರುಗಿಸಿ ಬದಲಿಸುವ ಕ್ಲಬ್ ಆದರೆ ಎಷ್ಟು ಬದಲಾಗುತ್ತದೆ? ಸಾಮಾನ್ಯವಾಗಿ ಒಂದೂವರೆ, ಎರಡು ಡಿಗ್ರಿ ಅಷ್ಟೇ. ಲಾಫ್ಟ್ ಹೆಚ್ಚಿಸಿದಾಗ ಮುಖ ಸ್ವಲ್ಪ ಎಡಕ್ಕೆ ತಿರುಗುತ್ತದೆ ಎಂಬುದೂ ಬಲಗೈ ಆಟಗಾರರಿಗೆ ತಿಳಿದಿರಲಿ. 3ನೇ ವುಡ್ ತಿರುಗಿಸಿ 7ನೇ ವುಡ್ ಮಾಡಲು ಆಗುವುದಿಲ್ಲ.

7. ಹೊಡೆದು ನೋಡಿದಿರಾ? ಹೊಡೆಯದೆ ಕೊಳ್ಳಬೇಡಿ. ಹಳೆಯ ಕ್ಲಬ್ ಆದರೂ ಚಿಂತೆಯಿಲ್ಲ. ಮುಖದಲ್ಲಿ ಬಿರುಕು, ಶಾಫ್ಟ್‌ನಲ್ಲಿ ಸೀಳು ಇಲ್ಲದಿದ್ದರೆ ಲಾಫ್ಟ್ ಹಳತಾಗುವುದಿಲ್ಲ.

ಮಾರುವವನ ಕಡೆಯಿಂದ

ಈ ಏಳನೆಯ ಪ್ರಶ್ನೆಯಲ್ಲಿ ಮಾರುವವನಿಗೆ ಕಷ್ಟ ಇದೆ. ಅಂಗಡಿಗಳಲ್ಲಿ ತಿಂಗಳ ಗುರಿ ಇರುತ್ತದೆ, ಹೊಸ ಮಾಡೆಲ್‌ಗೆ ಕಮಿಷನ್ ಹೆಚ್ಚು. ಗಿರಾಕಿ ತಾನಾಗಿಯೇ ದುಬಾರಿ 3ನೇ ವುಡ್ ಕೇಳಿದಾಗ "ನಿಮಗೆ ಇದು ಬೇಡ, ಮೂಲೆಯಲ್ಲಿರುವ ಹಳೆಯ 7ನೇ ವುಡ್ ಹೊಡೆದು ನೋಡಿ" ಎನ್ನುವುದು ಸ್ವಂತ ಸಂಬಳದಿಂದ ಕಳೆದುಕೊಂಡ ಹಾಗೆ. ಮಾಮು ಹಾಗೆ ಹೇಳಿದ ತಿಂಗಳುಗಳಲ್ಲಿ ಮನೆಗೆ ಬರುವ ಹಣ ಕಡಿಮೆಯಾಗಿದ್ದು ನಮ್ಮ ನಾನಿಗೆ ಗೊತ್ತಿದೆ. "ಹಾಗಾದರೆ ಸುಮ್ಮನೆ ಕೊಟ್ಟುಬಿಡಬಾರದಾ?" ಎಂದು ನಾನು ಕೇಳಿದೆ. "ಬೇಟಾ, ಚೆಂಡು ಏರದಿದ್ದರೆ ಅವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಕೋಲನ್ನು ಬೈಯುವುದಿಲ್ಲ. ಅದೇ ನನಗೆ ನುಂಗಲಾಗುವುದಿಲ್ಲ" ಎಂದರು.

ನಾನು ಈ ಮಾತನ್ನು ಬಹಳ ಸಲ ಯೋಚಿಸಿದೆ. ಕೆಟ್ಟ ಅಕ್ಕಿ ಕೊಟ್ಟರೆ ಗಿರಾಕಿಗೆ ತಿಳಿಯುತ್ತದೆ, ಜಗಳಕ್ಕೆ ಬರುತ್ತಾನೆ. ಹೊಂದದ ಕ್ಲಬ್ ಕೊಟ್ಟರೆ ತಿಳಿಯುವುದಿಲ್ಲ. ತನಗೆ ಬಲವಿಲ್ಲ, ತನಗೆ ವಯಸ್ಸಾಯಿತು, ಈ ಆಟ ತನಗಲ್ಲ ಎಂದುಕೊಂಡು ಬಿಟ್ಟುಬಿಡುತ್ತಾನೆ. ಮಾಲಿನಲ್ಲಿ ದೋಷವಿಲ್ಲ, ಆದರೂ ಮೋಸ ನಡೆದಿದೆ.

ಧಾನ್ಯದ ರಾಶಿಯೊಳಗೆ ಪ್ರವಾದಿಯವರು (ಸ) ಕೈ ಹಾಕಿ ನೋಡಿದಾಗ ಒಳಗೆ ಒದ್ದೆ ಇದ್ದ ಪ್ರಸಂಗ ನಮ್ಮಲ್ಲಿ ಹಲವರಿಗೆ ಮದರಸದಲ್ಲಿ ಕೇಳಿ ಗೊತ್ತು. ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಲ್ಲ. ಜನರಿಗೆ ಕಾಣುವಂತೆ ಮೇಲೆ ಇಡದಿದ್ದದ್ದು ತಪ್ಪು. ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಅಧ್ಯಾಯ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಕೊಡುವ ಹಕ್ಕುಗಳಲ್ಲಿ ಮಾಹಿತಿ ಪಡೆಯುವ ಹಕ್ಕು ಒಂದು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಓದುವಾಗ ಅದು ಎಂ.ಆರ್.ಪಿ., ತಯಾರಾದ ದಿನಾಂಕ ಅಷ್ಟೇ ಎಂದುಕೊಳ್ಳುತ್ತೇವೆ. "ಇದು ನಿಮಗೆ ಹೊಂದುವುದಿಲ್ಲ" ಎಂಬುದೂ ಮಾಹಿತಿಯೇ. ಅದನ್ನು ಯಾವ ಲೇಬಲ್ ಮೇಲೂ ಅಚ್ಚು ಹಾಕಲಾಗುವುದಿಲ್ಲ, ಮಾರುವವನ ಬಾಯಿಂದಲೇ ಬರಬೇಕು.

ಒಟ್ಟಿನಲ್ಲಿ

ನಿಧಾನ ಬೀಸುವವರಿಗೆ ಲಾಫ್ಟ್ ಗೆಳೆಯ. ಎತ್ತರ ಮತ್ತು ಮೃದುವಾದ ಇಳಿತ ಬೇಕಾದರೆ 5, 7, 9ನೇ ವುಡ್. ರಫ್‌ನಿಂದ ಪಾರಾಗಲು, ಸುಲಭವಾಗಿ ನೇರ ಹೊಡೆಯಲು ಹೈಬ್ರಿಡ್. ಎರಡನ್ನೂ ದೂರದ ಖಾಲಿಗೆ ತಕ್ಕಂತೆ ಆರಿಸಬೇಕು. ಗಾಲ್ಫ್ ಕಣ್ಣಾರೆ ನೋಡಬೇಕೆನ್ನುವವರಿಗೆ ನಮಗೆ ಹತ್ತಿರದಲ್ಲಿ ಮಂಗಳೂರಿನ ಪಿಲಿಕುಳದಲ್ಲಿ ಮೈದಾನವಿದೆ. ಬೆಂಗಳೂರಿನಲ್ಲಿ 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇದೆ. ಅದಿತಿ ಚಿಕ್ಕಂದಿನಲ್ಲಿ ಕಲಿತ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವೂ ಅಲ್ಲೇ.

ನೀವೇ ಉತ್ತರಿಸಿ

1. 3ನೇ ವುಡ್‌ಗಿಂತ 5ನೇ ವುಡ್‌ನಿಂದ ಚೆಂಡು ದೂರ ಹೋಗುವುದು ಯಾರಿಗೆ, ಯಾಕೆ?

2. ಲಾಫ್ಟ್ ಒಂದೇ ಇದ್ದರೂ 7ನೇ ವುಡ್ ಹೈಬ್ರಿಡ್‌ಗಿಂತ ಎತ್ತರ ಹಾರಲು ಎರಡು ಕಾರಣ ಕೊಡಿ.

3. ಒಬ್ಬರ ಚೀಲದಲ್ಲಿ 160, 158, 131, 120 ಗಜ ಹೋಗುವ ನಾಲ್ಕು ಕ್ಲಬ್‌ಗಳಿವೆ. ಯಾವುದನ್ನು ತೆಗೆಯುತ್ತೀರಿ, ಎಷ್ಟು ಗಜದ್ದನ್ನು ಸೇರಿಸುತ್ತೀರಿ?

4. ಗಿರಾಕಿ ತನಗೆ ಹೊಂದದ ದುಬಾರಿ ಮಾಲನ್ನು ತಾನಾಗಿಯೇ ಕೇಳುತ್ತಿದ್ದಾನೆ. ಅಂಗಡಿಯಲ್ಲಿ ನಿಂತಿರುವವರು ನೀವು, ತಿಂಗಳ ಕೊನೆಯ ದಿನ. ಏನು ಹೇಳುತ್ತೀರಿ? ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ, ಅಂಕವೂ ಇಲ್ಲ.